ಅರವತ್ತು ಪರ್ಸೆಂಟ್ ಕನ್ನಡ, ಅರ್ಧ ಒತ್ತಕ್ಷರ

ಒಬ್ಬ ಡಿಸೈನರ್‌ಗೆ ಕನ್ನಡ ಅಕ್ಷರ ಎಷ್ಟರಮಟ್ಟಿಗೆ ಗೊತ್ತು ಅಂತ ಐದು ನಿಮಿಷದಲ್ಲಿ ತಿಳೀಬೇಕಾ? ಅವರ ಕೈಯಲ್ಲಿ 'ಕೆಂಚನಗುಡ್ಡ' ಅಂತ ಬರೆಸಿ ನೋಡಿ. ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆ ಮೇಲಿರುವ ನಮ್ಮೂರು ಅನ್ನೋ ಅಭಿಮಾನಕ್ಕೆ ಈ ಮಾತು ಹೇಳ್ತಿಲ್ಲ (ಸ್ವಲ್ಪ ಅದೂ ಇದೆ ಅನ್ನಿ). ಎಣಿಸಿದರೆ ಐದೇ ಅಕ್ಷರ. ಆದರೆ ಅದರಲ್ಲಿ ತಲಕಟ್ಟಿದೆ, ಎತ್ವ ಇದೆ, ಸೊನ್ನೆ ಇದೆ, ಕೊಂಬು ಇದೆ, ಕೊನೆಗೆ ಕೆಳಗೆ ಇಳಿಯುವ ಒತ್ತೂ ಇದೆ. ಮೇಲೆ, ಪಕ್ಕಕ್ಕೆ, ಕೆಳಗೆ ಎಲ್ಲಾ ಕಡೆ ಜಾಗ ಕೇಳುವ ಹೆಸರು. ಜಾಗ ಕೊಡದೇ ಇದ್ದರೆ ಮೊದಲು ಸಾಯೋದು ಒತ್ತು. ಆಗ ಊರು 'ಕೆಂಚನಗುಡ' ಆಗುತ್ತೆ. ಸಿರುಗುಪ್ಪ 'ಸಿರುಗುಪ' ಆಗುತ್ತೆ. ತೆಕ್ಕಲಕೋಟೆ 'ತೆಕಲಕೋಟೆ', ಕಂಪ್ಲಿ 'ಕಂಪಿ', ಬಳ್ಳಾರಿ 'ಬಳಾರಿ'. ನಮ್ಮ ಕಡೆ ಕುರುಗೋಡಿನವರು ಮಾತ್ರ ಪಾರು, ಅವರ ಊರಿನ ಹೆಸರಲ್ಲಿ ಒತ್ತೇ ಇಲ್ಲ :-)

ತಮಾಷೆ ಅಂತ ಬಿಡಬಹುದಿತ್ತು. ಆದರೆ ಈಗ ಬೋರ್ಡುಗಳ ಕಾಲ. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಇಂಗ್ಲಿಷ್ ಬೋರ್ಡುಗಳ ವಿರುದ್ಧ ದೊಡ್ಡ ಪ್ರತಿಭಟನೆ ಆಯ್ತು. ಅದಾದ ಮೇಲೆ 2024ರಲ್ಲಿ ಸರ್ಕಾರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ತಂತು. ಅಂಗಡಿ, ಹೋಟೆಲು, ಆಸ್ಪತ್ರೆ, ಆಫೀಸು ಯಾವುದೇ ಇರಲಿ, ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಅನ್ನೋದು ಅದರ ಸಾರಾಂಶ. ನಾನು ಈ ನಿಯಮದ ಪರ. ಇದನ್ನ ಮೊದಲೇ ಸ್ಪಷ್ಟವಾಗಿ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೆಯೋದನ್ನ ಓದಿ ಯಾರಾದರೂ 'ನೋಡಿ, ಇವನೂ ಅಂಗಡಿಯವರ ಕಡೆ' ಅನ್ನಬಾರದು.

ಆದರೆ ಒಂದು ಮಾತು ಯೋಚನೆ ಮಾಡಿ. ಈ ನಿಯಮವನ್ನ ಅಳೆಯೋಕೆ ಟೇಪು ಸಾಕು. ಬೋರ್ಡಿನ ಉದ್ದ ಎಷ್ಟು, ಅಗಲ ಎಷ್ಟು, ಅದರಲ್ಲಿ ಕನ್ನಡ ಎಷ್ಟು. ಅಧಿಕಾರಿ ಬಂದು ಅಳೆದು, ಸರಿ ಇದೆ ಅಂತ ಬರೆದುಕೊಂಡು ಹೋಗಬಹುದು. ಆ 60 ಪರ್ಸೆಂಟ್ ಜಾಗದಲ್ಲಿ ಇರುವ ಕನ್ನಡವನ್ನ ಓದೋಕೆ ಆಗುತ್ತಾ ಅಂತ ಟೇಪು ಹೇಳಲ್ಲ. ಒತ್ತು ಕತ್ತರಿಸಿ ಹೋಗಿದ್ದರೂ 60 ಪರ್ಸೆಂಟೇ. ಇಂಗ್ಲಿಷ್ ಹೆಸರನ್ನ ಮೆಷಿನ್ನಿಗೆ ಹಾಕಿ ಬಂದಿದ್ದನ್ನ ಹಾಗೇ ಪ್ರಿಂಟ್ ಹೊಡೆಸಿದ್ದರೂ 60 ಪರ್ಸೆಂಟೇ. ಹಳೇ ಡಿಸೈನ್ ಸಾಫ್ಟ್‌ವೇರಿಗೆ ಯುನಿಕೋಡ್ ಅಕ್ಷರ ಪೇಸ್ಟ್ ಮಾಡಿದಾಗ ಒತ್ತು ಒಡೆದು 'ಗುಡ್‌ಡ' ಅಂತ ಬರುತ್ತಲ್ಲ, ಅದೂ 60 ಪರ್ಸೆಂಟೇ! ಕಾನೂನು ಕನ್ನಡಕ್ಕೆ ಗೋಡೆ ಮೇಲೆ ಜಾಗ ಕೊಡಿಸಿತು. ಆ ಜಾಗದಲ್ಲಿ ಏನು ಕೂರಬೇಕು ಅನ್ನೋದು ನಮಗೆ ಬಿಟ್ಟ ಕೆಲಸ. ಆ ಕೆಲಸವನ್ನ ನಾವು ಅಷ್ಟು ಚೆನ್ನಾಗಿ ಮಾಡ್ತಿಲ್ಲ ಅನ್ನೋದು ನನ್ನ ಅನಿಸಿಕೆ.

ಈ ವಿಷಯ ತೆಗೆದಾಗಲೆಲ್ಲ ಎರಡು ಥರದ ಜನ ಸಿಗ್ತಾರೆ. ಒಬ್ಬರು ಹೇಳ್ತಾರೆ, 'ಹಂಗಾದ್ರೆ ಎಲ್ಲಾ ಬೋರ್ಡಿಗೂ ಒಂದೇ ಫಾಂಟು ಅಂತ ಸರ್ಕಾರ ಆರ್ಡರ್ ಮಾಡಿಬಿಡ್ಲಿ, ಮುಗೀತು.' ಇನ್ನೊಬ್ಬರು ಹೇಳ್ತಾರೆ, 'ಡಿಸೈನ್ ಅಂದ್ರೆ ಕಲೆ, ಕಲೆಗೆ ಎಂಥ ರೂಲ್ಸು? ಬರೆಯೋನಿಗೆ ಬಿಟ್ಟುಬಿಡಿ.' ಎರಡೂ ಮಾತು ಕೇಳೋಕೆ ಚೆನ್ನಾಗಿವೆ, ಎರಡೂ ತಪ್ಪು ಅಂತ ನನಗನ್ನಿಸುತ್ತೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪ ಅಂದ್ರೆ ಒಂದು ಎರಡು ಸಾವಿರದ ಇನ್ನೂರು ವರ್ಷ.

ಮಸ್ಕಿಯಿಂದ ಸಿಂಧನೂರು, ಸಿರುಗುಪ್ಪ ಹಾದು ಬಳ್ಳಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ನಿಮಗೆ ಗೊತ್ತಿರಬಹುದು. ಮಸ್ಕಿಯಲ್ಲಿ ಅಶೋಕನ ಶಾಸನ ಇದೆ. ಅದನ್ನ 1915ರಲ್ಲಿ ಪತ್ತೆ ಮಾಡಿದವನು ಬೀಡನ್ ಅನ್ನೋ ಚಿನ್ನದ ಗಣಿಯ ಎಂಜಿನಿಯರ್. (ನಮ್ಮ ಜಾತಿಯವರು ಹುಡುಕೋದು ಒಂದು, ಸಿಗೋದು ಇನ್ನೊಂದು!) ನಮ್ಮ ಬಳ್ಳಾರಿ ಜಿಲ್ಲೆಯಲ್ಲೂ ನಿಟ್ಟೂರು, ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ಇಡೀ ದೇಶದಲ್ಲಿ 'ಅಶೋಕ' ಅನ್ನೋ ಹೆಸರನ್ನೇ ಹೇಳುವ ಶಾಸನಗಳು ಬೆರಳೆಣಿಕೆಯಷ್ಟು. ಮಸ್ಕಿ, ನಿಟ್ಟೂರು, ಉಡೇಗೋಳ ಮೂರೂ ಆ ಪಟ್ಟಿಯಲ್ಲಿವೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಇನ್ನೂ ಮೂರಿವೆ.

ಚಕ್ರವರ್ತಿಯ ಆಜ್ಞೆ. ಅದಕ್ಕಿಂತ ಕಟ್ಟುನಿಟ್ಟಿನ 'ಸ್ಪೆಸಿಫಿಕೇಶನ್' ಬೇಕಾ? ಏನು ಕೆತ್ತಬೇಕು ಅನ್ನೋದು ಮೇಲಿಂದ ಬರುತ್ತೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಷ್ಟಾದರೂ ಮೊಳಕಾಲ್ಮೂರು ಕಡೆಯ ಶಾಸನಗಳ ಕೊನೆಗೆ ಚಪಡ ಅನ್ನೋ ಲಿಪಿಕಾರ ಇದನ್ನ ಬರೆದವನು ನಾನು ಅಂತ ಹೆಸರು ಹಾಕಿದ್ದಾನೆ. ಹಾಕುವಾಗ 'ಲಿಪಿಕಾರ' ಅನ್ನೋ ಪದವನ್ನ ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಕಡೆಯ, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಇಲ್ಲಿ ಅದನ್ನ ಓದೋಕೆ ಬರುವವರು ಯಾರಿದ್ದರು? ಯಾರೂ ಇಲ್ಲದೇ ಇರಬಹುದು. ಆದರೂ ಬರೆದ. ತನ್ನ ಕಸುಬಿನ ಹೆಸರನ್ನ ತನ್ನ ಇಷ್ಟದ ಅಕ್ಷರದಲ್ಲಿ.

ಗಮನಿಸಬೇಕಾದ್ದು ಇಲ್ಲಿದೆ. ಚಪಡ ಆಜ್ಞೆಯ ಮಾತನ್ನ ಖರೋಷ್ಠಿಯಲ್ಲಿ ಬರೆಯಲಿಲ್ಲ. ಜನ ಓದಬೇಕಾದ್ದನ್ನ ನಿಯಮದಂತೆ ಬರೆದ, ತನ್ನ ಸಹಿಯಲ್ಲಿ ಆಟ ಆಡಿದ. ಇದಕ್ಕೆ ಉಲ್ಟಾ ಉದಾಹರಣೆಯೂ ಹತ್ತಿರದಲ್ಲೇ ಇದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅಶೋಕನ ಕಿರುಶಾಸನದ ಒಂದಷ್ಟು ಭಾಗವನ್ನ ಲಿಪಿಕಾರ ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನ ಸಾಲು ಬಲದಿಂದ ಎಡಕ್ಕೆ ಕೆತ್ತಿದ್ದಾನೆ, ಎತ್ತು ನೇಗಿಲು ಎಳೆದುಕೊಂಡು ಹೊಲದಲ್ಲಿ ಹೋಗಿ ತಿರುಗಿ ಬರುವ ಹಾಗೆ. ನೋಡೋಕೆ ಬಹಳ ಮಜಾ ಇದೆ, ಆದರೆ ಅದನ್ನ ಓದಬೇಕಾದವನ ಕಷ್ಟ ಕೇಳಬೇಡಿ. ಇಬ್ಬರೂ ಸ್ವಾತಂತ್ರ್ಯ ತಗೊಂಡವರೇ. ಒಬ್ಬ ತನ್ನ ಪಾಲಿನದು ತಗೊಂಡ, ಇನ್ನೊಬ್ಬ ಓದುಗನ ಪಾಲಿನದಕ್ಕೆ ಕೈ ಹಾಕಿದ. ಡಿಸೈನಿನಲ್ಲಿ ನಿಯಮ ಎಲ್ಲಿರಬೇಕು, ಬಿಡುವು ಎಲ್ಲಿರಬೇಕು ಅನ್ನೋ ಪ್ರಶ್ನೆಗೆ ನನಗೆ ಇದಕ್ಕಿಂತ ಒಳ್ಳೆ ಗೆರೆ ಸಿಕ್ಕಿಲ್ಲ.

ಇನ್ನು ಅಚ್ಚಿನ ಕಾಲಕ್ಕೆ ಬರೋಣ. ಕನ್ನಡ ಮುದ್ರಣದ ಕತೆಯಲ್ಲಿ ಬಳ್ಳಾರಿಗೆ ದೊಡ್ಡ ಪಾಲಿದೆ ಅನ್ನೋದು ನಮ್ಮ ಕಡೆಯವರಿಗೇ ಹೆಚ್ಚಾಗಿ ಗೊತ್ತಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ಲನ್ನ ಕನ್ನಡಕ್ಕೆ ತಂದವನು. ಅಲ್ಲೇ ಮಿಷನ್ನಿನ ಛಾಪಖಾನೆಯೂ ನಡೀತು. ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಶುರು ಮಾಡಿದ 'ಮಂಗಳೂರು ಸಮಾಚಾರ' ಮೊದಲು ಕಲ್ಲಚ್ಚಿನಲ್ಲಿ ಬರ್ತಿತ್ತು. 1844ರಲ್ಲಿ ಅದು 'ಕನ್ನಡ ಸಮಾಚಾರ' ಅಂತ ಹೆಸರು ಬದಲಿಸಿಕೊಂಡು ಬಳ್ಳಾರಿಯಲ್ಲಿ ಅಚ್ಚಾಯಿತು.

ಕಲ್ಲಚ್ಚು ಅಂದ್ರೆ ಕೈಬರಹವನ್ನೇ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿಸೋದು. ಬರೆಯೋನ ಕೈ ಹೇಗೆ ಓಡುತ್ತೋ ಹಾಗೆ ಅಕ್ಷರ. ಒತ್ತು ಎಷ್ಟು ಉದ್ದ ಬೇಕಾದ್ರೂ ಇಳೀಬಹುದು, ಸೊನ್ನೆ ಎಷ್ಟು ದಪ್ಪ ಬೇಕಾದ್ರೂ ಇರಬಹುದು. ಮೊಳೆ ಅಚ್ಚು ಹಾಗಲ್ಲ. ಪ್ರತಿ ಅಕ್ಷರಕ್ಕೂ ಒಂದು ಸೀಸದ ತುಂಡು, ಎಲ್ಲಾ ತುಂಡಿಗೂ ಒಂದೇ ಎತ್ತರ. ಕನ್ನಡದಲ್ಲಿ ಒತ್ತುಗಳಿಗೆ ಬೇರೆ ಮೊಳೆ, ಗುಣಿತಗಳಿಗೆ ಬೇರೆ ಮೊಳೆ. ತ, ನ, ಮ, ಯ, ರ, ಲ ಇವುಗಳ ಒತ್ತಿನ ರೂಪವಂತೂ ಮೂಲ ಅಕ್ಷರಕ್ಕೆ ಸಂಬಂಧವೇ ಇಲ್ಲವೇನೋ ಅನ್ನೋ ಹಾಗಿರುತ್ತೆ. ಅಂದರೆ ಮೊಳೆ ಅಚ್ಚು ಬಂದ ದಿನವೇ ಕನ್ನಡದ ಅಕ್ಷರಕ್ಕೆ ಕಟ್ಟುಪಾಡು ಶುರುವಾಯ್ತು. ಅದರಿಂದ ಕಳಕೊಂಡಿದ್ದು ಕೈಬರಹದ ಓಟ. ಸಿಕ್ಕಿದ್ದು ಸಾವಿರಾರು ಪ್ರತಿ, ಅದೂ ಎಲ್ಲರೂ ಓದಬಲ್ಲ ಒಂದೇ ಥರದ ಅಕ್ಷರದಲ್ಲಿ. ಆ ವ್ಯಾಪಾರದಲ್ಲಿ ನಮಗೆ ಲಾಭವೇ ಆಗಿದೆ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಟೈಪ್‌ರೈಟರ್ ಬಂದಾಗ ಲೆಕ್ಕ ತಿರುಗಿತು. ಕೀಲಿಗಳ ಸಂಖ್ಯೆ ಮಿತವಾಗಿತ್ತು, ಅದಕ್ಕೆ ಕನ್ನಡ ತಗ್ಗಬೇಕಾಯ್ತು. ಈ ಮಿತಿಯನ್ನ ಮುರಿದಿದ್ದು ಕಂಪ್ಯೂಟರ್ ಕಾಲದಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಇದೇ ಮುಂದೆ ಸರ್ಕಾರದ ಮಾನ್ಯತೆ ಪಡೆದು 'ನುಡಿ'ಯ ಜತೆ ಮನೆಮನೆಗೆ ಬಂತು. ಅವರು ಮಾಡಿದ್ದಿಷ್ಟು: ಅಕ್ಷರದ ಆಕಾರವನ್ನ ಕೀಲಿಗೆ ಕೊಡೋದು ಬಿಟ್ಟು, ಅದರ ಉಚ್ಚಾರವನ್ನ ಕೊಟ್ಟರು. 'ಡ' ಒತ್ತಿ, ಜೋಡಿಸುವ ಕೀಲಿ ಒತ್ತಿ, ಮತ್ತೆ 'ಡ' ಒತ್ತಿದರೆ 'ಡ್ಡ'. ಒತ್ತು ನೋಡೋಕೆ ಹೇಗಿರಬೇಕು ಅನ್ನೋದು ಬೆರಳಿನ ತಲೆನೋವಲ್ಲ, ಫಾಂಟಿನ ತಲೆನೋವು. ಬರೆಯುವ ಕ್ರಮಕ್ಕೆ ನಿಯಮ, ಕಾಣುವ ರೂಪಕ್ಕೆ ಬಿಡುವು. ಎರಡನ್ನೂ ಬೇರೆ ಬೇರೆ ಮಾಡಿದ ಕೂಡಲೇ ಅಷ್ಟು ದಿನದ ಜಗಳ ಅರ್ಧ ಬಗೆಹರೀತು.

ಯುನಿಕೋಡ್ ಮಾಡಿದ್ದೂ ಇದನ್ನೇ. 'ಕೆಂಚನಗುಡ್ಡ' ಅಂತ ನೀವು ಎಲ್ಲೇ ಟೈಪ್ ಮಾಡಿ, ಒಳಗಡೆ ಅದು ಹತ್ತು ಸಂಕೇತಗಳ ಸಾಲು: ಕ, ಎತ್ವ, ಸೊನ್ನೆ, ಚ, ನ, ಗ, ಕೊಂಬು, ಡ, ಹಲಂತ, ಡ. ಈ ಕ್ರಮ ತಪ್ಪುವ ಹಾಗಿಲ್ಲ. ಆದರೆ 'ಡ'ದ ಹೊಟ್ಟೆ ಎಷ್ಟು ದುಂಡಗಿರಬೇಕು, ಒತ್ತು ಎಷ್ಟು ಕೆಳಗಿಳೀಬೇಕು ಅನ್ನೋದರ ಬಗ್ಗೆ ಯುನಿಕೋಡ್ ಒಂದು ಮಾತೂ ಹೇಳಲ್ಲ.

ಇದಕ್ಕೂ ಮೊದಲಿನ ಪರಿಸ್ಥಿತಿ ಹೇಗಿತ್ತು ಅಂತ ಹಿರಿಯ ಬ್ಲಾಗಿಗರಿಗೆ ನೆನಪಿರುತ್ತೆ. 1998ರಲ್ಲಿ ಬರಹ ಬಂತು, ಆಮೇಲೆ ನುಡಿ, ಅವುಗಳ ಅಕ್ಕಪಕ್ಕ ಪತ್ರಿಕೆಗಳ, ಡಿಟಿಪಿ ಅಂಗಡಿಗಳ ತರಹೇವಾರಿ ಫಾಂಟುಗಳು. ಆಗಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ತುಂಡುಗಳನ್ನ ಕೂರಿಸ್ತಿದ್ದರು. ಯಾವ ತುಂಡು ಯಾವ ಮನೆಗೆ ಅನ್ನೋದು ಅವರವರ ಇಷ್ಟ. ಪೂರ್ತಿ ಸ್ವಾತಂತ್ರ್ಯ! ಪರಿಣಾಮ ಏನಂದ್ರೆ ಒಬ್ಬರು ಬರೆದಿದ್ದು ಇನ್ನೊಬ್ಬರ ಕಂಪ್ಯೂಟರಲ್ಲಿ ಇಂಗ್ಲಿಷ್ ಅಕ್ಷರಗಳ ಕಸದ ರಾಶಿ. ಹುಡುಕೋಕೆ ಬರಲ್ಲ, ಫಾಂಟ್ ಇಲ್ಲದಿದ್ದರೆ ಓದೋಕೂ ಬರಲ್ಲ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ 128 ಮನೆಗಳ ಒಂದು ಓಣಿ ಮೀಸಲಾಗಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜತೆಗೆ 'ತುಂಗಾ' ಅನ್ನೋ ಕನ್ನಡ ಫಾಂಟು ಬಂದ ಮೇಲೆ ಆ ಓಣಿಯಲ್ಲಿ ಜನ ಓಡಾಡೋಕೆ ಶುರು ಮಾಡಿದರು. (ನಮ್ಮ ಹೊಳೆಯ ಅರ್ಧ ಹೆಸರು! ಭದ್ರಾ ಯಾಕೆ ಬಿಟ್ಟರೋ.) ಸಿರುಗುಪ್ಪದಲ್ಲಿ ಕೂತು ಬರೆದಿದ್ದನ್ನ ನ್ಯೂಜೆರ್ಸಿಯಲ್ಲಿ ಓದಬಹುದು ಅನ್ನೋದು ಆಮೇಲಿನ ಮಾತು. ಕನ್ನಡ ಬ್ಲಾಗು ಅನ್ನೋದು ಹುಟ್ಟಿದ್ದೇ ಒಂದು ಕಟ್ಟುನಿಟ್ಟಿನ ನಿಯಮದಿಂದ ಅಂತ ನಾವು ಬ್ಲಾಗಿಗರು ಮರೀಬಾರದು. 'ನಿಯಮ ಬಂದ್ರೆ ಸ್ವಾತಂತ್ರ್ಯ ಹೋಯ್ತು' ಅನ್ನುವವರಿಗೆ ನನ್ನ ಉತ್ತರ ಇದೇ.

ಹಾಗಂತ ಯುನಿಕೋಡ್ ದೇವರಲ್ಲ. ಹಳಗನ್ನಡದ 'ೞ' ಅಕ್ಷರಕ್ಕೆ ಯುನಿಕೋಡ್ ಕೊಟ್ಟಿರುವ ಅಧಿಕೃತ ಹೆಸರು 'ಫ' ಅಂತ! ಶುದ್ಧ ತಪ್ಪು. ತಪ್ಪು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಆದರೂ ಬದಲಿಸಲ್ಲ. ಒಮ್ಮೆ ಇಟ್ಟ ಹೆಸರು ಬದಲಿಸೋ ಹಾಗಿಲ್ಲ ಅನ್ನೋದು ಅವರ ನಿಯಮ. ಆ ಹೆಸರು ನಂಬಿಕೊಂಡು ಯಾರೋ ಎಲ್ಲೋ ಪ್ರೋಗ್ರಾಮ್ ಬರೆದಿದ್ದರೆ ಅದು ಮುರೀಬಾರದು ಅಂತ. ಮೊದಲ ಸಲ ಕೇಳಿದಾಗ ಇದು ಹಟ ಅನ್ನಿಸುತ್ತೆ. ಆದರೆ ಆ ತಪ್ಪು ಹೆಸರು ಓದುಗನ ಕಣ್ಣಿಗೆ ಬೀಳೋದೇ ಇಲ್ಲ, ಪರದೆ ಮೇಲೆ 'ೞ' ಸರಿಯಾಗೇ ಕಾಣುತ್ತೆ. ಹೀಗಾಗಿ ಅದನ್ನ ಸಹಿಸಬಹುದು.

ಇನ್ನೊಂದು ಕಡೆ ಅದೇ ಯುನಿಕೋಡ್ ಬಾಗಿದೆ. 'ಅರ್ಕ' ಅನ್ನುವಾಗ ರಕಾರ ಅರ್ಕಾವತ್ತಾಗಿ ಬಲಕ್ಕೆ ಹೋಗೋದು ನಿಯಮ. ಆದರೆ 'ರ‍್ಯಾಂಕ್', 'ರ‍್ಯಾಲಿ' ಥರದ ಪದಗಳಲ್ಲಿ ನಮಗೆ ಪೂರ್ತಿ 'ರ'ನೇ ಬೇಕು, ಅದರ ಕೆಳಗೆ ಯ ಒತ್ತು ಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಇಟ್ಟರೆ ಆಯ್ತು. ಕನ್ನಡಿಗರು ಬರೆಯೋ ರೀತಿ ಹೀಗಿದೆ, ಅದಕ್ಕೆ ದಾರಿ ಬೇಕು ಅಂದಾಗ ನಿಯಮ ದಾರಿ ಬಿಟ್ಟಿತು. ಓದುಗನಿಗೆ ತೊಂದರೆ ಇಲ್ಲದ ಕಡೆ ಗಟ್ಟಿ, ಓದುಗನಿಗೆ ಬೇಕಾದ ಕಡೆ ಸಡಿಲ. ಒಳ್ಳೆ ನಿಯಮ ಅಂದ್ರೆ ಇದು.

ಈಗ ನಮ್ಮ ಕಸುಬಿಗೆ ಬರ್ತೀನಿ. ಸಾಫ್ಟ್‌ವೇರ್ ಕಂಪನಿಗಳಲ್ಲಿ 'ಡಿಸೈನ್ ಸಿಸ್ಟಮ್' ಅಂತ ಒಂದು ದಪ್ಪ ನಿಯಮಾವಳಿ ಇರುತ್ತೆ. ಬಟನ್ನಿನ ಎತ್ತರ ಇಷ್ಟು, ಅಕ್ಷರದ ಅಳತೆ ಇಷ್ಟು, ಸಾಲಿನ ಎತ್ತರ ಇಷ್ಟು. ಇದನ್ನ ಬರೆದವರು ಇಂಗ್ಲಿಷ್ ಅಕ್ಷರ ಕಣ್ಣಮುಂದೆ ಇಟ್ಟುಕೊಂಡು ಬರೆದಿರ್ತಾರೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಅಂಗಡಿಯವರು ಬಿಲ್ಲು ಬರೆಯೋ ಆ್ಯಪ್‌ಗೆ ಕನ್ನಡ ಸೇರಿಸೋ ಕೆಲಸ ಬಂತು. 'ರದ್ದು ಮಾಡಿ' ಅನ್ನೋ ಬಟನ್ನು ಪರದೆ ಮೇಲೆ 'ರದು ಮಾಡಿ' ಅಂತ ಬಂತು. ದ ಒತ್ತು ಬಟನ್ನಿನ ಅಂಚಿಗೆ ಸಿಕ್ಕಿ ಕತ್ತರಿಸಿ ಹೋಗಿತ್ತು. ಎತ್ತರ ಜಾಸ್ತಿ ಮಾಡೋಣ ಅಂದ್ರೆ, 'ನಿಯಮ ನಿಯಮನೇ, ಕನ್ನಡ ಅಕ್ಷರದ ಸೈಜ್ ಕಮ್ಮಿ ಮಾಡಿ' ಅಂದರು. ಮಾಡಿದ್ದಾಯ್ತು. ಒತ್ತು ಉಳೀತು, ಆದರೆ ಅಕ್ಷರ ಎಷ್ಟು ಸಣ್ಣದಾಯ್ತು ಅಂದ್ರೆ ಚಾಳೀಸು ಹಾಕೋ ವಯಸ್ಸಿನ ಅಂಗಡಿಯವರು ಫೋನನ್ನ ಮೂಗಿನ ಹತ್ತಿರ ಹಿಡೀಬೇಕು.

ಇಲ್ಲಿ ಬೇಕಾಗಿದ್ದು ಒಂದೇ ಒಂದು ಪದದ ಬದಲಾವಣೆ. 'ಎತ್ತರ ಇಷ್ಟೇ' ಅನ್ನೋ ಕಡೆ 'ಎತ್ತರ ಕಡಿಮೆ ಅಂದ್ರೂ ಇಷ್ಟು' ಅಂತ ಬರೆದಿದ್ದರೆ ಸಾಕಿತ್ತು. ಇಂಗ್ಲಿಷ್ ಬಟನ್ನು ಹಾಗೇ ಇರ್ತಿತ್ತು, ಕನ್ನಡದ ಬಟನ್ನು ಒತ್ತಿಗೆ ಬೇಕಾದಷ್ಟು ಬೆಳೀತಿತ್ತು. ಮೊದಲನೇದು ಸೂರಿನಂಥ ನಿಯಮ, ತಲೆ ಎತ್ತಿದರೆ ಬಡಿಯುತ್ತೆ. ಎರಡನೇದು ನೆಲಗಟ್ಟಿನಂಥ ನಿಯಮ, ಕಾಲಿಗೆ ಆಸರೆ ಕೊಡುತ್ತೆ, ತಲೆ ತಂಟೆಗೆ ಬರಲ್ಲ. ಕನ್ನಡದ ಸಾಲಿಗೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕೇ ಬೇಕು, ಯಾಕಂದ್ರೆ ನಮ್ಮ ಅಕ್ಷರ ಕೆಳಗೂ ಬೆಳೆಯುತ್ತೆ. ಇದು ದೋಷ ಅಲ್ಲ, ಲಿಪಿಯ ಸ್ವಭಾವ. ಬಸ್ಸಿನ ಮುಂದಿನ ಎಲ್‌ಇಡಿ ಬೋರ್ಡಿಗೂ ಇದೇ ಕತೆ. ಎಣಿಸಿದಷ್ಟೇ ದೀಪದ ಸಾಲುಗಳು, ಇಂಗ್ಲಿಷಿನ ದೊಡ್ಡಕ್ಷರಕ್ಕೆ ಧಾರಾಳ, 'ಸಿರುಗುಪ್ಪ'ದ ಪ ಒತ್ತಿಗೆ ಇಕ್ಕಟ್ಟು. ರಾತ್ರಿ ಬಸ್ ಸ್ಟ್ಯಾಂಡಲ್ಲಿ ನಿಂತ ಅಜ್ಜಿಗೆ ಬಸ್ಸು ಎಲ್ಲಿಗೆ ಅಂತ ಕಂಡಕ್ಟರನ್ನೇ ಕೇಳಬೇಕು. ಹಾಗಾದ್ರೆ ಬೋರ್ಡು ಯಾರಿಗೆ?

ನಮ್ಮ ಕಡೆ ವಿಜಯನಗರ ಕಾಲದ ಕಾಲುವೆಗಳಿವೆ. ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟೆ ಕಟ್ಟಿ, ಅಲ್ಲಿಂದ ಗದ್ದೆಗೆ ನೀರು ತಿರುಗಿಸಿದ್ದು. ಸಿರುಗುಪ್ಪ ಕಾಲುವೆ ಅದರಲ್ಲಿ ಒಂದು. ಅಂಥ ಕಾಲುವೆ ಅಗೆಯೋನಿಗೆ ಬಿಡದ ನಿಯಮ ಇಳಿಜಾರು. ಇಳಿಜಾರು ತಪ್ಪಿದರೆ ನೀರು ನಿಲ್ಲುತ್ತೆ, ಜಾಸ್ತಿ ಆದರೆ ದಂಡೆ ಕೊಚ್ಚುತ್ತೆ. ಆ ಒಂದು ವಿಷಯದಲ್ಲಿ ಚೌಕಾಶಿ ಇಲ್ಲ. ಆದರೆ ಬಂಡೆ ಬಂದ ಕಡೆ ಸುತ್ತು ಹಾಕು, ಗುಡ್ಡ ಬಂದ ಕಡೆ ಬಳಸಿಕೊಂಡು ಹೋಗು, ಅದು ಅಗೆಯೋನ ಜಾಣತನ. 'ಕಾಲುವೆ ನೆಟ್ಟಗೇ ಇರಬೇಕು' ಅಂತ ಯಾರಾದರೂ ಆರ್ಡರ್ ಮಾಡಿದ್ದರೆ ಒಂದು ಗದ್ದೆಗೂ ನೀರು ಬರ್ತಿರಲಿಲ್ಲ. ಎಲ್ಲಾ ಬೋರ್ಡಿಗೂ ಒಂದೇ ಫಾಂಟು ಅನ್ನುವವರು ಕೇಳ್ತಿರೋದು ಈ ನೆಟ್ಟಗಿನ ಕಾಲುವೆಯನ್ನ.

ಯಾಕೆ ಒಂದೇ ಫಾಂಟು ಬೇಡ? ಫ್ಲೆಕ್ಸ್ ಬರೋಕೆ ಮೊದಲು ಊರಿನ ಬೋರ್ಡುಗಳನ್ನ ಪೇಂಟರುಗಳು ಬರೀತಿದ್ದರು. ರೈಸ್ ಮಿಲ್ಲಿನ ಗೋಡೆಗೆ ಬೇರೆ ಅಕ್ಷರ, ಟೈಲರ್ ಅಂಗಡಿಗೆ ಬೇರೆ, ಖಾನಾವಳಿಗೆ ಬೇರೆ. ಒಳ್ಳೆ ಪೇಂಟರ್ ಒತ್ತನ್ನ ತೊಂದರೆ ಅಂದುಕೊಳ್ತಿರಲಿಲ್ಲ, ಅದನ್ನೇ ಬಂಡವಾಳ ಮಾಡಿಕೊಳ್ತಿದ್ದ. ಕೊನೇ ಅಕ್ಷರದ ಒತ್ತಿನ ಬಾಲವನ್ನ ಎಡಕ್ಕೆ ಎಳೆದು ಇಡೀ ಹೆಸರಿನ ಕೆಳಗೆ ಗೆರೆ ಮಾಡಿಬಿಡ್ತಿದ್ದ. ಅದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಆದರೆ ಓದೋಕೆ ಎಲ್ಲೂ ಅಡ್ಡಿ ಇಲ್ಲ. ಚಪಡನ ವಂಶದವರು! ಒಂದೇ ಫಾಂಟು ಅಂದ ದಿನ ಮೊದಲು ಹೋಗೋದು ಆ ಬಾಲ.

ಹಾಗೇ, ಪೂರ್ತಿ ಬಿಟ್ಟುಬಿಟ್ಟರೂ ಆಗಲ್ಲ. ನಮ್ಮದು ಗಡಿ ಜಿಲ್ಲೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಕಡೆ ಹೋದವು. ಇಲ್ಲಿ ಎರಡೂ ಭಾಷೆ ಮಾತಾಡುವ ಮನೆಗಳು ಇದ್ದೇ ಇವೆ, ಅದರಲ್ಲಿ ತಪ್ಪೇನೂ ಇಲ್ಲ. ಲಿಪಿಗಳೂ ಅಕ್ಕತಂಗಿಯರು. ಆದರೆ ಅಕ್ಕತಂಗಿಯರಿಗೂ ಬೇರೆ ಬೇರೆ ಮುಖ ಇದೆ. ತೆಲುಗಿನ ತಲಕಟ್ಟು ಟಿಕ್ ಮಾರ್ಕಿನ ಹಾಗೆ ಮೇಲಕ್ಕೆ ಚಿಮ್ಮುತ್ತೆ, ಕನ್ನಡದ್ದು ಅಡ್ಡಕ್ಕೆ ಹರಿದು ಕೊಂಚ ಬಾಗುತ್ತೆ. ಎರಡರ ವ್ಯತ್ಯಾಸ ಗೊತ್ತಿಲ್ಲದವರು 'ಸ್ಟೈಲು' ಅಂತ ಒಂದರ ತಲಕಟ್ಟು ಇನ್ನೊಂದಕ್ಕೆ ಹಾಕಿದರೆ ಓದೋನು ಅರೆಗಳಿಗೆ ತಡವರಿಸ್ತಾನೆ. ಹೆದ್ದಾರಿಯಲ್ಲಿ ಗಾಡಿ ಓಡಿಸೋನಿಗೆ ಆ ಅರೆಗಳಿಗೆ ದುಬಾರಿ. ಒತ್ತು ಹೋದರಂತೂ ಅರ್ಥವೇ ಬದಲು. ಹಳ್ಳಿ ಹೋಗಿ ಹಳಿ ಆಗುತ್ತೆ, ಕತ್ತೆ ಹೋಗಿ ಕತೆ ಆಗುತ್ತೆ. (ಕೆಲವು ಸಲ ಇದು ಉಪಕಾರವೇ ಅನ್ನಿ.)

ನನ್ನ ವಾದ ಇಷ್ಟಕ್ಕೆ ಬಂದು ನಿಲ್ಲುತ್ತೆ. ಓದುಗನಿಗೆ ಸೇರಿದ್ದು ಕೆಲವಿದೆ: ಅಕ್ಷರ ಪೂರ್ತಿ ಕಾಣಬೇಕು, ಒತ್ತು ಗುಣಿತ ತಪ್ಪಬಾರದು, ದೂರದಿಂದ ಓದೋ ಬೋರ್ಡಿನಲ್ಲಿ ಬಣ್ಣ ಬಣ್ಣದೊಳಗೆ ಕರಗಬಾರದು. ಇವಕ್ಕೆ ನಿಯಮ ಇರಲಿ, ಗಟ್ಟಿಯಾಗೇ ಇರಲಿ. ಮಿಕ್ಕಿದ್ದೆಲ್ಲ ಬರೆಯೋನಿಗೆ ಸೇರಿದ್ದು. ದಪ್ಪ, ತೆಳು, ದುಂಡು, ಚೌಕ, ಬಾಲ, ಬಣ್ಣ ಯಾವುದಕ್ಕೂ ಸರ್ಕಾರ ಕೈ ಹಾಕಬಾರದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತೆ, ಅದನ್ನ ಹಾರಿಸಿ ಹೋಗಲ್ಲ. 'ಒತ್ತಕ್ಷರ ಸರಿ ಇಲ್ಲ ಅಂತಲೂ ಕಾನೂನು ಮಾಡಿದರೆ ಇನ್ಸ್‌ಪೆಕ್ಟರ್‌ಗೆ ಇನ್ನೊಂದು ಅಸ್ತ್ರ ಸಿಕ್ಕಂಗಾಯ್ತು. ಪಾಪದ ಅಂಗಡಿಯವನು ಇನ್ನೊಂದು ದಂಡ ಕಟ್ಟಬೇಕಾ?' ನಿಜ. ಟೇಪಿನಲ್ಲಿ ಅಳೆಯೋಕೆ ಬರುವ ನಿಯಮಕ್ಕೆ ಒಂದು ಅನುಕೂಲ ಇದೆ, ಅದರಲ್ಲಿ ಅಧಿಕಾರಿಯ ಮರ್ಜಿಗೆ ಜಾಗ ಕಮ್ಮಿ. 'ಚೆನ್ನಾಗಿ ಕಾಣಬೇಕು' ಅನ್ನೋ ನಿಯಮ ಮಾಡಿದರೆ ಚೆನ್ನ ಅಂದ್ರೆ ಏನು ಅಂತ ಅಧಿಕಾರಿಯೇ ತೀರ್ಮಾನ ಮಾಡ್ತಾನೆ. ಹಾಗಾಗಿ ಅಂಗಡಿಯವರ ಮೇಲೆ ದಂಡದ ನಿಯಮ ಬೇಡವೇ ಬೇಡ.

ಬದಲಿಗೆ ಸರ್ಕಾರ ತಾನು ದುಡ್ಡು ಕೊಟ್ಟು ಮಾಡಿಸುವ ಬೋರ್ಡುಗಳಿಂದ ಶುರು ಮಾಡಲಿ. ಊರಿನ ಹೆಸರಿನ ಬೋರ್ಡು, ಬಸ್ಸಿನ ಬೋರ್ಡು, ಶಾಲೆ, ಆಸ್ಪತ್ರೆ, ಗ್ರಾಮ ಪಂಚಾಯಿತಿ. ಇವುಗಳ ಟೆಂಡರಿನಲ್ಲಿ ಕಬ್ಬಿಣ ಎಷ್ಟು ದಪ್ಪ ಅಂತ ಬರೀತಾರಲ್ಲ, ಅದರ ಪಕ್ಕ ಇನ್ನೊಂದು ಸಾಲು ಬರೆಯಲಿ: ಒತ್ತಕ್ಷರ ಪೂರ್ತಿ ಕಾಣಬೇಕು, ಇಲ್ಲದಿದ್ದರೆ ಬಿಲ್ ಪಾಸಿಲ್ಲ. ಇದರಲ್ಲಿ ಮರ್ಜಿ ಇಲ್ಲ, ಒತ್ತು ಒಂದೋ ಇರುತ್ತೆ ಇಲ್ಲಾ ಇರಲ್ಲ. ಎಲ್‌ಇಡಿ ಕೊಳ್ಳುವಾಗ ಇಂಗ್ಲಿಷ್ ಅಕ್ಷರ ತೋರಿಸಿ ಮಾದರಿ ಒಪ್ಪೋದು ಬಿಟ್ಟು 'ಕೆಂಚನಗುಡ್ಡ', 'ಸಿರುಗುಪ್ಪ' ತೋರಿಸು ಅನ್ನಲಿ. ಖಾಸಗಿಯವರಿಗೆ ದಂಡದ ಬದಲು ಸಾಮಾನು ಕೊಡೋಣ. ಒಳ್ಳೆ ಕನ್ನಡ ಫಾಂಟುಗಳಿಗೆ ಈಗ ಬರ ಇಲ್ಲ. ನೋಟೋ ಇದೆ, ದುಂಡುದುಂಡಗಿನ ಬಲೂ ತಮ್ಮ ಇದೆ, ಹುಬ್ಬಳ್ಳಿ ಇದೆ, ಬೆಣ್ಣೆ ಇದೆ, ಅನೇಕ್ ಕನ್ನಡ ಇದೆ, ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಮಾಡಿದ ಅಕಾಯಾ ಕನಡಕ ಇದೆ. ಎಲ್ಲವೂ ಬಿಟ್ಟಿ, ಎಲ್ಲವೂ ಯುನಿಕೋಡ್, ಒಂದರ ಮುಖ ಇನ್ನೊಂದಕ್ಕಿಲ್ಲ. ಇಷ್ಟು ಬಗೆ ಸಾಧ್ಯ ಆಗಿದ್ದೂ ಅಡಿಯಲ್ಲಿ ಒಂದೇ ನಿಯಮ ಇದ್ದಿದ್ದಕ್ಕೆ. ಫ್ಲೆಕ್ಸ್ ಅಂಗಡಿಗಳಲ್ಲಿ ಇನ್ನೂ ಹಳೇ ಫಾಂಟೇ ಓಡ್ತಿದೆ ಅಂದ್ರೆ ಅವರಿಗೆ ಇವು ತಲುಪಿಲ್ಲ, ತಲುಪಿದ್ದರ ಜತೆ ಸಾಫ್ಟ್‌ವೇರಲ್ಲಿ ಯಾವ ಸೆಟ್ಟಿಂಗ್ ಬದಲಿಸಬೇಕು ಅಂತ ಯಾರೂ ಹೇಳಿಲ್ಲ. ಅದು ನಮ್ಮಂಥವರು ಮಾಡಬಹುದಾದ ಕೆಲಸ. ಊರಿಗೆ ಹೋದಾಗ ಒಂದು ಮಧ್ಯಾಹ್ನ ಸಾಕು.

ನೀವೂ ಒಂದು ಕೆಲಸ ಮಾಡಿ. ನಿಮ್ಮೂರಿನ ಹೆಸರಲ್ಲಿ ಒತ್ತಕ್ಷರ ಇದ್ದರೆ, ಈ ವಾರ ಮೂರು ಕಡೆ ನೋಡಿ: ಬಸ್ಸಿನ ಬೋರ್ಡು, ಹೆದ್ದಾರಿಯ ಬೋರ್ಡು, ನಿಮ್ಮ ಫೋನಿನ ಯಾವುದಾದರೂ ಒಂದು ಆ್ಯಪು. ಮೂರರಲ್ಲಿ ಎಷ್ಟು ಕಡೆ ಒತ್ತು ಬದುಕಿದೆ ಅಂತ ಎಣಿಸಿ ಕಾಮೆಂಟಲ್ಲಿ ಬರೀರಿ. ಒಂದೇ ಫಾಂಟು ಬೇಕು ಅನ್ನುವವರೂ ಬನ್ನಿ, ಯಾವ ನಿಯಮವೂ ಬೇಡ ಅನ್ನುವವರೂ ಬನ್ನಿ, ಜಗಳ ಆಡೋಣ. ಕುರುಗೋಡಿನವರು ಈ ಸಲ ಸುಮ್ಮನೆ ಕೂತು ನೋಡಬಹುದು.